ಸೊಲ್ಲು ಹಿಡಿದವಳು

ಚೇತನಾಳಿಗೆ ಮಹಡಿಯ ರೂಮು ಬಾಡಿಗೆಗೆ ಕೊಡುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: "ಹಾಡು ಗೀಡು ಏನೂ ಇಲ್ಲ ತಾನೆ?" ಅವಳಿಗಿಂತ ಮುಂಚೆ ಇದ್ದ ಹುಡುಗ ಬಚ್ಚಲುಮನೆಯಲ್ಲಿ ಗಂಟಲು ಹರಿದುಕೊಂಡು ನನ್ನ ತಲೆ ಚಿಟ್ಟು ಹಿಡಿಸಿದ್ದ. "ಇಲ್ರೀ ಆಂಟಿ, ನಂಗ ಹಾಡಾಕ ಬರೂದಿಲ್ಲ" ಅಂದಳು. ಅಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನಾನು ಕಡಿಮೆ ನೋಡಿದ್ದೇನೆ.

ನಾನು ಜಲಜಾ. ವಿಜಯನಗರದಲ್ಲಿ ಮೆಟ್ರೋ ಹಳಿಯ ಹಿಂದಿನ ರಸ್ತೆಯಲ್ಲಿ ನಮ್ಮ ಮನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಅಲ್ಲೇ ತಲೆ ನೆರೆಸಿಕೊಂಡು ನಿವೃತ್ತಳಾದೆ. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಈಗ ಹೇಳುವವರಿಲ್ಲ, ಹಾಗಾಗಿ ನಾನೇ ಹೇಳಿಕೊಳ್ಳುತ್ತೇನೆ. ದೆವ್ವ, ಭೂತ, ಗಾಳಿ ಸೋಕುವುದು ಇವ್ಯಾವುದನ್ನೂ ನಂಬುವ ಹೆಂಗಸು ನಾನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಚೇತನಾ ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿಯವಳು. ಇಲ್ಲಿ ಒಂದು ಲ್ಯಾಬಿನವರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವ ಕೆಲಸ. ಬೆಳಕು ಹರಿಯುವ ಮುಂಚೆ ಸ್ಕೂಟರಿಗೆ ನೀಲಿ ಡಬ್ಬ ಕಟ್ಟಿಕೊಂಡು ಹೊರಟರೆ ನಾಗರಭಾವಿ, ಮಲ್ಲತ್ತಹಳ್ಳಿ, ಕೆಂಗೇರಿ ಎಲ್ಲ ಸುತ್ತಿ, ಬಿಸಿಲು ಏರುವ ಹೊತ್ತಿಗೆ ವಾಪಸ್ಸು. ನನ್ನ ಸಕ್ಕರೆ ಕಾಯಿಲೆಗೂ ಅವಳೇ ಸೂಜಿ ಚುಚ್ಚುತ್ತಿದ್ದಳು. ಚುಚ್ಚಿದ್ದು ಗೊತ್ತೇ ಆಗುತ್ತಿರಲಿಲ್ಲ. ಬೆವರಿಳಿಸಿಕೊಂಡು ಬಂದು ಎರಡು ರೊಟ್ಟಿ ತಟ್ಟಿ, ನನಗೊಂದು ಕೊಟ್ಟು, ಮಧ್ಯಾಹ್ನವೆಲ್ಲ ರೂಮಿನಲ್ಲೇ ಇರುತ್ತಿದ್ದಳು. ಒಳ್ಳೆಯ ಹುಡುಗಿ. ಮಾತು ಕಡಿಮೆ, ನನ್ನ ಮಾತಿಗೆ ತಲೆಯಾಡಿಸುವುದು ಜಾಸ್ತಿ. ನನಗೆ ಇನ್ನೇನು ಬೇಕು?

ಬಂದ ಮರುವರ್ಷ ಶ್ರಾವಣದಲ್ಲಿ ಅವಳ ತಾಯಿ ಅಕ್ಕವ್ವ ಎದೆನೋವು ಬಂದು ತೀರಿಕೊಂಡರು. ಊರಿಂದ ಫೋನ್ ಬಂದಾಗ ಇವಳು ಯಾರದೋ ಮನೆಯಲ್ಲಿ ಯಾರದೋ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು. ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ವಾಪಸ್ಸು ಬರುವಾಗ ತಾಯಿಯ ಬೀಸೋಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹಾಕಿಕೊಂಡು ಬಂದಳು. ಕಂಡಕ್ಟರ್ ದಾರಿಯುದ್ದಕ್ಕೂ ಬೈದನಂತೆ. "ಊರಿಗೆ ಹೋಗಿ ಬಂದ್ನಿರೀ ಆಂಟಿ" ಎಂದಷ್ಟೇ ಹೇಳಿ ಮಹಡಿ ಹತ್ತಿದಳು. ವಿಷಯ ನನಗೆ ಗೊತ್ತಾದದ್ದು ಅವಳ ಲ್ಯಾಬಿನ ಹುಡುಗಿಯೊಬ್ಬಳಿಂದ. ಚೇತನಾ ಅತ್ತದ್ದನ್ನು ನಾನು ನೋಡಲಿಲ್ಲ.

ಒಂದು ದಿನ ನನ್ನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಾನಾಗಿಯೇ ಬಾಯಿಬಿಟ್ಟಳು.

"ಆಂಟಿ, ಅವ್ವನ ಮುಖ ಕಣ್ಣಿಗೆ ಕಟ್ಟಿದಂಗ ಐತಿ. ಸೀರಿ, ಬಳಿ, ಕಾಲಾಗಿನ ಉಂಗುರ, ಎಲ್ಲಾ. ದನಿ ಮಾತ್ರ ನೆನಪಿಗೆ ಬರವಲ್ದು."

"ಫೋನಲ್ಲಿ ಏನಾದ್ರೂ ಇರತ್ತೆ, ಹುಡುಕು" ಅಂದೆ.

"ಅಕಿ ಕಡೆ ಇದ್ದಿದ್ದು ಸಣ್ಣ ಗುಂಡಿ ಫೋನು. ಒಂದು ಮೆಸೇಜ್ ಇಲ್ಲ, ವೀಡಿಯೊ ಇಲ್ಲ. ದಿನಾ ಮಾತಾಡ್ತಿದ್ದೆ, ಯಾವತ್ತೂ ಹಿಡಿದಿಟ್ಕೊಳ್ಳಲಿಲ್ಲ. ಒಂದು ಸಲ ಕೇಳಿದ್ರ ಸಾಕಾಗಿತ್ರೀ. ಮತ್ತೇನೂ ಬ್ಯಾಡ ನಂಗ."

ಅವಳಿಗೆ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ, ಅದನ್ನು ಕೊಡುವವರು ಯಾರೂ ಇರಲಿಲ್ಲ. ಉಳಿದದ್ದೆಲ್ಲ ಇದರಿಂದಲೇ ಆಯಿತು.

ಬ್ಯಾಂಡು ಶುರುವಾದದ್ದು ಅದಾದ ಮೇಲೆ. ರಾಜಾಜಿನಗರದ ಅನಿಕೇತ್ ಎಂಬ ಹುಡುಗನ ಅಜ್ಜಿಯ ರಕ್ತ ತೆಗೆಯಲು ಹೋದಾಗ ಇವಳು ತನಗೇ ತಿಳಿಯದೆ ಗುನುಗುತ್ತಿದ್ದಳಂತೆ. ಅವನು ಗಿಟಾರ್ ಹುಚ್ಚಿನವನು, ಬಿಡಲಿಲ್ಲ. ಇನ್ನೊಬ್ಬಳು ಸ್ಮೃತಿ, ಬಸವೇಶ್ವರನಗರದ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುವವಳು. ನಾಲ್ಕನೆಯವನು ವೀರೇಶ, ಯಲಬುರ್ಗಾ ಕಡೆಯವನು, ಹಗಲೆಲ್ಲ ಬೈಕಿನಲ್ಲಿ ಊಟದ ಪಾರ್ಸೆಲ್ ಹಂಚುತ್ತಾನೆ, ದನಿ ಬಾವಿಯೊಳಗಿಂದ ಬಂದ ಹಾಗೆ. ಯಜಮಾನರ ಕಾರು ಮಾರಿದ ಮೇಲೆ ನಮ್ಮ ಶೆಡ್ಡು ಖಾಲಿ ಬಿದ್ದಿತ್ತು. ಅಲ್ಲಿ ಪ್ರಾಕ್ಟೀಸ್ ಮಾಡಿಕೊಳ್ಳಬಹುದಾ ಎಂದು ಚೇತನಾ ಕೇಳಿದಾಗ ನಾನು ಒಂದಿಷ್ಟು ರೇಗಿ ಆಮೇಲೆ ಒಪ್ಪಿದೆ. ಅಳಲಾರದ ಹುಡುಗಿ ಹಾಡಿಯಾದರೂ ಹಗುರಾಗಲಿ ಅನ್ನಿಸಿತು.

ಬ್ಯಾಂಡಿಗೆ "ಸೊಲ್ಲು" ಎಂದು ಹೆಸರಿಟ್ಟವಳು ಚೇತನಾ. ಜನಪದ ಹಾಡಿನಲ್ಲಿ ಮುಂದಾಳು ಕಟ್ಟಿಕೊಂಡು ಹೋಗುವುದು ನುಡಿ. ಜೊತೆಯವರು ಪ್ರತಿ ನುಡಿಗೂ ತಿರುಗಿ ಹಿಡಿಯುವ ಸಾಲು ಸೊಲ್ಲು. ಅವಳ ತಾಯಿ ಬೀಸುವಾಗ ಹಾಡುತ್ತಿದ್ದ ಪದದಲ್ಲಿ ಇವಳಿಗೆ ನೆನಪಿದ್ದದ್ದು ಸೊಲ್ಲು ಮಾತ್ರ: "ಇನ್ನೂ ಬೆಳಗಾಗಿಲ್ಲ, ಹಗುರ ತಿರುಗವ್ವ." ನುಡಿ ಒಂದೂ ನೆನಪಿರಲಿಲ್ಲ. ಅಷ್ಟನ್ನೇ ಇಟ್ಟುಕೊಂಡು ಇವರು ಹಾಡು ಮಾಡಿದರು.

ಮೊದಲ ಕೆಲವು ತಿಂಗಳು ಅದು ಹಾಡೇ ಅಲ್ಲ. ಎರಡು ಗಿಟಾರು, ಕೂತು ಬಡಿಯುವ ಒಂದು ಮರದ ಪೆಟ್ಟಿಗೆ, ಸ್ಪೀಕರು. ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು. ಎದುರುಮನೆಯ ಪುರುಷೋತ್ತಮ ಅವರು ಬಂದು, "ಏನಮ್ಮಾ ಜಲಜಾ, ಶೆಡ್ ಒಳಗೆ ಗರಗಸ ಇಟ್ಟಿದೀರಾ?" ಎಂದು ಕೇಳಿದರು. ಆಮೇಲೆ ಸ್ಮೃತಿ ಹಠ ಹಿಡಿದಳು. ಒಬ್ಬೊಬ್ಬರಿಗೂ ಬೇರೆ ಬೇರೆ ಸ್ವರ ಕೊಟ್ಟು, ಅದನ್ನೇ ಕಚ್ಚಿಕೊಂಡು ನಿಲ್ಲಬೇಕು, ಪಕ್ಕದವರ ಕಡೆ ಜಾರಬಾರದು ಎಂದಳು. ನಾಲ್ಕು ಜನ ನಾಲ್ಕು ಸ್ವರದಲ್ಲಿ ಹಾಡಿದರೆ ಅದಕ್ಕೆ ಜಗಳ ಅನ್ನುತ್ತಾರೆ ಎಂದು ನಾನು ತಿಳಿದಿದ್ದೆ. ಅದು ಹಾರ್ಮನಿಯಂತೆ. ದಿನ ಕಳೆದಂತೆ ನಾಲ್ಕೂ ಒಂದರ ಪಕ್ಕ ಒಂದು ಕೂತವು. ಬೇಳೆ ಬೇಯಿಸುತ್ತ ಒಲೆಯ ಮುಂದೆ ನಿಂತವಳು ಕೆಲಸ ಬಿಟ್ಟು ಕೇಳುವ ಹಾಗಾಯಿತು. ನಿಜವಾಗಿ ಸೊಗಸಾಗಿತ್ತು.

ಬೀಸೋಕಲ್ಲನ್ನು ಕೆಳಗೆ ಶೆಡ್ಡಿಗೆ ತಂದದ್ದು ಅನಿಕೇತನ ಐಡಿಯಾ. ಅವಳ ರೂಮಿನಲ್ಲಿ ಅದನ್ನು ನೋಡಿದವನು ಗೂಟ ಹಿಡಿದು ಒಂದು ಸುತ್ತು ತಿರುಗಿಸಿದನಂತೆ, ಅಷ್ಟಕ್ಕೇ ಮರುಳಾದ.

"ಈ ಸೌಂಡ್ ಕೇಳು ಗುರು! ಗಿಟಾರೂ ಬೇಡ, ಡಬ್ಬಾನೂ ಬೇಡ, ಇದೊಂದೇ ಸಾಕು ನಮ್ಗೆ" ಅಂದ ವೀರೇಶನಿಗೆ.

ಚೇತನಾಳ ಮುಖ ಸಣ್ಣಗಾಯಿತಂತೆ. "ಖಾಲಿ ಕಲ್ಲು ತಿರುಗಿಸಬಾರದೋ ಅನಿಕೇತ್. ಕಾಳು ಹಾಕದ ಕಲ್ಲು ಮನುಷ್ಯಾರನ್ನ ಬೇಡ್ತದ ಅಂತ ನಮ್ಮ ಕಡೆ ಯಾರೂ ತಿರುಗಿಸೂದಿಲ್ಲ."

"ಕಾಳು ಹಾಕಿದ್ರೆ ಹಿಟ್ಟು ಮೈಕ್ ಒಳಗೆ ಹೋಗತ್ತೆ ಚೇತನಾ. ಮೈಕ್ ಯಾರು ರಿಪೇರಿ ಮಾಡ್ಸೋದು? ಒಂದ್ ಟೇಕ್ ಅಷ್ಟೆ, ಪ್ಲೀಸ್."

"ಬ್ಯಾಡ ಮಗಾ, ಸುಮ್ನ ಯಾಕ" ಎಂದು ವೀರೇಶನೂ ಹೇಳಿದ. ಆದರೆ ಚೇತನಾ ಆಗಲೇ ಕಲ್ಲಿನ ಮುಂದೆ ಕಾಲು ಚಾಚಿ ಕೂತಿದ್ದಳಂತೆ. ಆ ಗರಗರ ಸದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಆಸೆ ತಡೆಯಲಿಲ್ಲ.

ಆ ಮಧ್ಯಾಹ್ನ ಕರೆಂಟ್ ಹೋಗಿತ್ತು. ಫ್ಯಾನಿಲ್ಲದ ಮನೆಯಲ್ಲಿ ನಾನು ಕಿಟಕಿಯ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಶೆಡ್ಡಿನಿಂದ ಕಲ್ಲಿನ ಸದ್ದು ಬಂತು, ಆಮೇಲೆ ಸೊಲ್ಲು. ಸ್ಮೃತಿಯದು ಮೇಲೆ, ಅನಿಕೇತನದು ಅದರ ಕೆಳಗೆ, ಆಮೇಲೆ ಚೇತನಾ, ಎಲ್ಲಕ್ಕೂ ತಳದಲ್ಲಿ ವೀರೇಶ. ಇವರ ನಡುವೆ ಇನ್ನೊಂದು ದನಿ ಇತ್ತು. ಹೆಣ್ಣುದನಿ, ಸ್ವಲ್ಪ ಮೂಗಿನಿಂದ ಬರುವಂಥದ್ದು. ಯಾರೋ ಹೊಸಬಳನ್ನು ಸೇರಿಸಿಕೊಂಡಿದ್ದಾರೆ, ನನ್ನನ್ನೊಂದು ಮಾತು ಕೇಳಿದರೇ ಎಂದು ಸಿಟ್ಟಿನಿಂದ ಎದ್ದು ಹೋಗಿ ನೋಡಿದೆ. ಇದ್ದವರು ನಾಲ್ಕೇ ಜನ. ನನ್ನನ್ನು ನೋಡಿ ಅವರು ಹಾಡು ನಿಲ್ಲಿಸಿದರು. ಐದನೆಯದು ಅವರಿಗಿಂತ ಒಂದು ಚೂರು ತಡವಾಗಿ ನಿಂತಿತು.

ಸ್ಮೃತಿಗೆ ಗಾಬರಿಯಾಗಲಿಲ್ಲ, ಖುಷಿಯಾಯಿತು. ಸ್ವರಗಳು ಕರಾರುವಾಕ್ಕಾಗಿ ಸೇರಿದಾಗ ಯಾರೂ ಹಾಡದ ಒಂದು ಸ್ವರ ತಾನಾಗಿ ಹುಟ್ಟುತ್ತದೆ, ಕೂಡಿ ಹಾಡುವವರಿಗೆ ಇದು ಗೊತ್ತಿರುವ ಸಂಗತಿ, ಹೆದರುವಂಥದ್ದು ಏನಿಲ್ಲ ಎಂದು ನನಗೆ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ. ಇರಬಹುದು. ಆದರೆ ತಾನಾಗಿ ಹುಟ್ಟಿದ ಸ್ವರ ಉಸಿರು ಎಳೆದುಕೊಳ್ಳುತ್ತದೆಯೇ? ಸಾಲಿನ ನಡುವೆ ಅದು ಉಸಿರೆಳೆದದ್ದು ನನಗೆ ಕೇಳಿಸಿತ್ತು. ಮರುದಿನ ಶೆಡ್ಡು ಗುಡಿಸುವಾಗ ಆ ಖಾಲಿ ತಿರುಗಿಸಿದ ಕಲ್ಲಿನ ಸುತ್ತ ಬೆಳ್ಳಗೆ ಪುಡಿ ಬಿದ್ದಿತ್ತು. ಕಲ್ಲು ಸವೆದ ಪುಡಿ ಎಂದುಕೊಂಡು ಬೆರಳಿಗೆ ಹಚ್ಚಿ ಮೂಸಿದೆ. ಜೋಳದ ಹಿಟ್ಟಿನ ವಾಸನೆ ಇತ್ತು. ಯಾರಿಗೂ ಹೇಳದೆ ಮೋರಿಗೆ ಹಾಕಿ ಕೈ ತೊಳೆದುಕೊಂಡೆ.

ಅಲ್ಲಿಂದ ಬ್ಯಾಂಡಿನ ಹಾಡು ಆ ದನಿಯ ಹಿಂದೆ ಹೋಯಿತು. ಅದು ಸರಿಯಾಗಿ ಕೇಳಿಸಲಿ ಎಂದು ಮರದ ಪೆಟ್ಟಿಗೆಯನ್ನು ಮೂಲೆಗೆ ಹಾಕಿದರು. ಆಮೇಲೆ ಒಂದು ಗಿಟಾರ್ ಹೋಯಿತು, ಆಮೇಲೆ ಇನ್ನೊಂದು. ಕೊನೆಗೆ ಉಳಿದದ್ದು ಕಲ್ಲು ಮತ್ತು ಬಾಯಿ. ತಾವು ಹಾಡುವುದನ್ನೂ ತಗ್ಗಿಸುತ್ತ ಬಂದರು. ಇಂಟರ್‌ನೆಟ್ಟಿಗೆ ಹಾಕಿದ ಒಂದು ತುಣುಕನ್ನು ಜನರೆಲ್ಲ ಹಂಚಿಕೊಂಡರು, ಆ ಐದನೇ ಗಾಯಕಿ ಯಾರು ಎಂದು ಕೇಳುವವರೇ ಕೇಳುವವರು. ಬಿನ್ನಿಪೇಟೆಯ ಒಂದು ದೊಡ್ಡ ಹಾಲ್‌ನವರು ಕಾರ್ಯಕ್ರಮಕ್ಕೆ ಕರೆದರು. ಅನಿಕೇತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಚೇತನಾ ಬೇರೆಯೇ ಖುಷಿಯಲ್ಲಿದ್ದಳು. ಕೆಲಸದಿಂದ ಬಂದವಳು ಊಟವನ್ನೂ ಮಾಡದೆ ಶೆಡ್ಡಿಗೆ ಹೋಗಿ ಕೂರುತ್ತಿದ್ದಳು. ಒಬ್ಬಳೇ ತಿರುಗಿಸಿದರೂ ದನಿ ಬರುತ್ತಿತ್ತು. ಸ್ಮೃತಿಯ ಲೆಕ್ಕ ಅಲ್ಲಿಗೆ ತಪ್ಪಿತು. ಒಬ್ಬಳ ಬಾಯಿಂದ ಎಂಥ ಹಾರ್ಮನಿ?

"ಅವ್ವ ಬರ್ತಾಳ್ರೀ ಆಂಟಿ" ಅಂದಳು ಒಂದು ದಿನ, ಮುಖ ಅರಳಿಸಿಕೊಂಡು. "ಸಣ್ಣಾಕಿದ್ದಾಗ ಕಲ್ಲಿನ ಬಾಜೂ ಮಲಗಿ ಕೇಳ್ತಿದ್ನೆಲ್ಲಾ, ಅದಽ ದನಿ. ನಂಗ ನೆನಪಾತು."

ನಾನು ಅವಳನ್ನು ಒಂದು ವಿಷಯ ಕೇಳಬೇಕಾಗಿತ್ತು. ಆ ದನಿ ಸೊಲ್ಲನ್ನು ಬಿಟ್ಟು ಬೇರೇನೂ ಹಾಡುತ್ತಿರಲಿಲ್ಲ. ಸೊಲ್ಲು ಹೇಳುವುದು, ಸುಮ್ಮನಾಗುವುದು, ಮತ್ತೆ ಸೊಲ್ಲು. ಆ ಸುಮ್ಮನಿರುವಿಕೆ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಕಿವಿಗೆ ತಂತಿ ಹಾಕಿಕೊಂಡು ಕೂತವಳು ನಾನು. ಮಾತು ಮುಗಿದು ಸುಮ್ಮನಾಗುವುದು ಬೇರೆ, ಆ ಕಡೆಯವರು ಮಾತಾಡಲಿ ಎಂದು ಕಾಯುವುದು ಬೇರೆ. ಇದು ಕಾಯುತ್ತಿತ್ತು.

ಮನೆಮಂದಿಯೂ ಕೇಳಿ ಸಂತೋಷಪಡಲಿ ಎಂದು ಚೇತನಾ ಆ ರೆಕಾರ್ಡಿಂಗನ್ನು ಊರಿನಲ್ಲಿರುವ ದೊಡ್ಡವ್ವನಿಗೆ ಕಳಿಸಿದಳು. ಶಿವಗಂಗಮ್ಮ ಎಂದು, ಅವಳ ದೊಡ್ಡಪ್ಪನ ಹೆಂಡತಿ, ಅಕ್ಕವ್ವನ ಜೊತೆ ಒಂದೇ ಮನೆಯಲ್ಲಿ ಬಾಳಿದವರು. ಕೇಳಿದ ಕೂಡಲೇ ಅವರೇ ಫೋನ್ ಮಾಡಿದರು. ನನ್ನ ಅಡುಗೆಮನೆಯಲ್ಲಿ ಚೇತನಾ ಫೋನನ್ನು ಸ್ಪೀಕರಿಗೆ ಹಾಕಿದಳು.

"ಅವ್ವಂದ ಹೌದಲ್ಲ ದೊಡ್ಡವ್ವಾ?"

ಆ ಕಡೆ ಟೀವಿ ಆರಿಸಿದ ಸದ್ದು. "ಇದು ನಿಮ್ಮವ್ವ ಅಲ್ಲ ತಂಗಿ. ಫಕೀರವ್ವ."

"ಯಾರು?"

"ನಿಮ್ಮಪ್ಪನ ತಂಗಿ. ನೀ ಹುಟ್ಟೂಕಿಂತ ಮೊದಲ ಹಾವು ಮುಟ್ಟಿ ಹೋದಾಕಿ. ಅಕಿ, ನಿಮ್ಮವ್ವ ಎದುರಾಬದುರಾ ಕುಂತು ಬೀಸ್ತಿದ್ರು. ನಿಮ್ಮವ್ವ ನುಡಿ ಹೇಳಾಕಿ, ಅಕಿ ಸೊಲ್ಲು ಹಿಡಿಯಾಕಿ. ಅಕಿ ಹೋದ ಮ್ಯಾಲೆ ನಿಮ್ಮವ್ವ ಒಬ್ಬಾಕಿನ ಕುಂದರತಿದ್ಲು. ನುಡಿ ಹೇಳೂದು, ಸೊಲ್ಲು ಬಂದಾಗ ಬಾಯಿ ಮುಚ್ಚೂದು, ಮತ್ತ ನುಡಿ ಹೇಳೂದು. ನಾವೆಲ್ಲಾ ಬೈದ್ವಿ. ಕೇಳಲಿಲ್ಲ."

"ಸುಳ್ಳು. ಅವ್ವ ಸೊಲ್ಲು ಹಾಡ್ತಿದ್ಲು. ನಾ ಕೇಳೀನಿ. ಕೇಳಿ ಕೇಳಿನ ಬಾಯಿಪಾಠ ಆಗೇತಿ ನಂಗ."

"ನಿಮ್ಮವ್ವ ಒಂದು ದಿನಾನೂ ಆ ಸೊಲ್ಲು ಬಾಯಾಗ ತರಲಿಲ್ಲ. ಅದು ಫಕೀರವ್ವಂದು ಅಂತಿದ್ಲು. ಮನ್ಯಾಗ ಮತ್ತ ಯಾರಿಗೂ ಅದು ಬರೂದಿಲ್ಲ." ಮುದುಕಿಯ ದನಿ ತಗ್ಗಿತು. "ನೀ ಅದನ್ನ ಯಾರ ಬಾಯಿಂದ ಕಲ್ತಿ ತಂಗಿ?"

ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು, ನಾನು ಆರಿಸಲಿಲ್ಲ. ಮಗುವಾಗಿದ್ದಾಗಿನಿಂದ ಅವ್ವನದು ಎಂದು ಚೇತನಾ ಇಟ್ಟುಕೊಂಡಿದ್ದ ದನಿ ಅವ್ವನದಾಗಿರಲಿಲ್ಲ. ಅವ್ವ ಹೇಳುತ್ತಿದ್ದ ನುಡಿ ಅವಳ ನೆನಪಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

ಫೋನಿನಲ್ಲಿ ಶಿವಗಂಗಮ್ಮ ಮುಂದುವರಿಸಿದರು. "ನಿಮ್ಮವ್ವ ಹೋದಾಗ ಹತ್ತೂರಿಗೆ ಆಳು ಕಳಿಸಿ ಬೀಗರಿಗೆಲ್ಲಾ ಸುದ್ದಿ ಮುಟ್ಟಿಸಿದ್ವಿ. ಅಕಿಗೆ ಯಾರು ಹೇಳ್ಯಾರ? ನುಡಿ ಕಾಯ್ಕೋತ ಕುಂತಾಳ ಅಕಿ. ಒಂದು ಹಿಡಿ ಜೋಳ ಕಲ್ಲಿನ ಬಾಯಾಗ ಹಾಕಿ, ನಿನ್ನ ಬಾಯಿಲೆ ಸುದ್ದಿ ಮುಟ್ಟಿಸು. ಬಿಡ್ತಾಳ."

ಸಾವಿನ ಸುದ್ದಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮುಟ್ಟಬೇಕು, ಮುಟ್ಟಿಸದಿದ್ದರೆ ನೆಂಟರು ಜನ್ಮಪೂರ್ತಿ ಮುನಿಸಿಕೊಳ್ಳುತ್ತಾರೆ. ಇದು ನಮ್ಮ ಕಡೆಯೂ ಇದೆ. ಸತ್ತವರಿಗೂ ಮುಟ್ಟಿಸಬೇಕು ಎಂದು ಕೇಳಿದ್ದು ಮಾತ್ರ ಅಂದೇ.

ಚೇತನಾ ಮುಟ್ಟಿಸಲಿಲ್ಲ. ಅನಿಕೇತ್ ಅಂತೂ ಕೈ ಮುಗಿದುಬಿಟ್ಟ. "ಬಿನ್ನಿಪೇಟೆ ಶೋ ಒಂದು ಮುಗೀಲಿ ಚೇತನಾ. ಈ ಸೌಂಡಿಗೋಸ್ಕರ ಎಷ್ಟ್ ವರ್ಷ ಹುಡುಕಾಡಿದೀನಿ ಗೊತ್ತಾ?" ಅವನ ಮೇಲೆ ನನಗೆ ಕೆಟ್ಟ ಕೋಪ ಬಂತು. ಆದರೆ ಅವಳನ್ನು ತಡೆದದ್ದು ಅವನ ಮಾತಲ್ಲ.

"ಅವ್ವನ ಎದುರಿಗೆ ಕುಂತಾಕಿ ಅಕಿ" ಅಂದಳು ಚೇತನಾ ನನಗೆ. "ಅಕಿನೂ ಹೋದ್ರ ನಂಗ ಯಾರದಾರ್ರೀ ಆಂಟಿ? ಇವತ್ತಲ್ಲಾ ನಾಳೆ ಅಕಿಗೆ ಉತ್ತರಾ ಕೊಡಾಕ ಅವ್ವ ಬರಬಹುದು." ಹಾಗೆಂದವಳು ಮತ್ತೆ ಕಲ್ಲಿನ ಮುಂದೆ ಹೋಗಿ ಕೂತಳು. ಅವಳ ಕೆನ್ನೆ ಒಳಗೆ ಹೋಗಿತ್ತು. ರಕ್ತ ತೆಗೆಯುವಾಗ ಎರಡೆರಡು ಸಲ ಚುಚ್ಚುತ್ತಾಳೆ ಎಂದು ಲ್ಯಾಬಿಗೆ ದೂರು ಬಂದಿತ್ತು.

ಕಾರ್ಯಕ್ರಮದ ಹಿಂದಿನ ವಾರ, ಭಾನುವಾರ ಮಧ್ಯಾಹ್ನ ನಾಲ್ವರೂ ಶೆಡ್ಡಿನಲ್ಲಿದ್ದರು. ಅಂದು ನಾನೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹುಡುಗಿಯನ್ನು ಒಂಟಿಯಾಗಿ ಬಿಡಲು ಮನಸ್ಸು ಬರಲಿಲ್ಲ. ಸೊಲ್ಲು ಹಾಡಿದರು. ದನಿ ಬಂತು, ಸುಮ್ಮನಾಯಿತು. ಬಹಳ ಹೊತ್ತು ಯಾವ ಸದ್ದೂ ಇಲ್ಲ. ಆಮೇಲೆ ಅದು ಹಾಡಲಿಲ್ಲ, ಕರೆಯಿತು.

"ಅತ್ತಿಗೀ."

ನಾದಿನಿಯೊಬ್ಬಳು ಒಳಮನೆಯಿಂದ ಕೂಗಿದ ಹಾಗೆ, ಅಷ್ಟೇ ಸಹಜವಾಗಿ. "ಅತ್ತಿಗೀ, ಯಾಕ ಸುಮ್ಮನಾದಿ?"

ವೀರೇಶ ಎದ್ದು ಗೋಡೆಗೆ ಅಂಟಿ ನಿಂತ. ಸ್ಮೃತಿ ನನ್ನ ಕೈ ಹಿಡಿದುಕೊಂಡಳು. ಚೇತನಾ ಮಹಡಿಗೆ ಹೋಗಿ ಸೆರಗಿನಂತೆ ವೇಲಿನಲ್ಲಿ ಜೋಳ ಕಟ್ಟಿಕೊಂಡು ಬಂದಳು. ಒಂದು ಹಿಡಿ ಕಲ್ಲಿನ ಬಾಯಿಗೆ ಸುರಿದಳು. ಅನಿಕೇತ್ ಮೈಕನ್ನು ತಾನೇ ಪಕ್ಕಕ್ಕೆ ಎತ್ತಿಟ್ಟ.

ಅವಳು ಗೂಟ ಹಿಡಿದಳು. ಒಂದು ಸುತ್ತು ತಿರುಗಿಸಿದಳು.

"ಅತ್ತೀ, ಅವ್ವ ಹೋದ್ಲು."

ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗೆ ಹೇಳಿರಲಿಲ್ಲ, ಬಹುಶಃ ತನಗೂ ಹೇಳಿಕೊಂಡಿರಲಿಲ್ಲ. ಹೇಳಿದವಳೇ ಕಲ್ಲಿನ ಮೇಲೆ ಬಾಗಿ ಗೋಳೋ ಎಂದು ಅಳತೊಡಗಿದಳು. ಹೋಗಿ ಹಿಡಿದುಕೊಳ್ಳೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಅವಳ ಮುಖದ ಹತ್ತಿರದಿಂದ, ತಗ್ಗಿದ ದನಿಯಲ್ಲಿ ಒಂದೇ ಮಾತು ಬಂತು.

"ಯಾವಾಗ?"

"ಹೋದ ವರ್ಷ ಶ್ರಾವಣದಾಗ" ಅಂದಳು ಚೇತನಾ ಬಿಕ್ಕುತ್ತ.

ಮತ್ತೆ ಏನೂ ಕೇಳಿಸಲಿಲ್ಲ. ಕಲ್ಲಿನ ಅಂಚಿನಿಂದ ಒಂದಿಷ್ಟು ಹಿಟ್ಟು ಉದುರಿತು, ಅಷ್ಟೇ.

ಬ್ಯಾಂಡಿನ ವಿಷಯ ಹೇಳಿ ಮುಗಿಸಿಬಿಡುತ್ತೇನೆ. ಬಿನ್ನಿಪೇಟೆಯ ಕಾರ್ಯಕ್ರಮ ನಡೆಯಿತು. ಐದನೇ ದನಿ ಬರಲಿಲ್ಲ, ಜನ ಗೊಣಗಿದರು. ಈಗ ಗಿಟಾರ್ ವಾಪಸ್ಸು ಬಂದಿದೆ, ವೀರೇಶ ಮುಂದೆ ನಿಂತು ಹಾಡುತ್ತಾನೆ, ಅವರ ಹಾಡು ಕುಣಿಯುವ ಹಾಗಿದೆ. ನಾಯಂಡಹಳ್ಳಿಯಲ್ಲಿ ಒಂದು ಗೋಡೌನ್ ಹಿಡಿದು ಅಲ್ಲಿಗೆ ಹೋದರು. ಸ್ಮೃತಿ ಆಗಾಗ ಬಂದು ಮಾತಾಡಿಸಿಕೊಂಡು ಹೋಗುತ್ತಾಳೆ, ಸ್ವರದ ಲೆಕ್ಕ ಮಾತ್ರ ಎತ್ತುವುದಿಲ್ಲ. ಚೇತನಾ ಅವರ ಜೊತೆ ಹಾಡುವುದಿಲ್ಲ.

ನಾನು ಹೇಳಬೇಕೆಂದಿದ್ದದ್ದು ಆ ಭಾನುವಾರದ ಕೊನೆಯದು. ಹುಡುಗರು ಸಾಮಾನು ಎತ್ತಿಕೊಂಡು ಹೋದ ಮೇಲೆ ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ಅಳು ಎಲ್ಲ ಮುಗಿದು ಅವಳು ಹಗುರಾಗಿದ್ದಾಳೆ ಎಂದು ನಾನು ತಿಳಿದೆ. ಒಂದು ಲೋಟ ಕಾಫಿ ಕೊಟ್ಟೆ. "ಆಯ್ತು ಬಿಡು ಚೇತನಾ, ಪಾಪ, ಅವಳಿಗೂ ಗೊತ್ತಾಯ್ತಲ್ಲ" ಅಂದೆ.

ಅವಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಆಂಟಿ, ಅವ್ವ ಹೋಗಿ ವರ್ಷದ ಮ್ಯಾಲಾತು. ಅತ್ತೀಗೆ ಇವತ್ತ ಗೊತ್ತಾತು."

"ಹೂಂ."

"ಹಂಗಾರ ಅತ್ತಿ ಇದ್ದಲ್ಲಿಗೆ ಅವ್ವ ಮುಟ್ಟಿಲ್ಲ."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅವಳು ಕಲ್ಲಿನ ಅಂಚಿನ ಹಿಟ್ಟನ್ನು ಬೆರಳಿನಿಂದ ಒರೆಸಿದಳು.

"ನಮ್ಮವ್ವ ಎಲ್ಲಿ ಅದಾಳ್ರೀ ಆಂಟಿ?"

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.